ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೊರಡುವವರಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತ ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ತೋಟಗಳು ಈಗ ಬೇಕಾದಷ್ಟಿವೆ. ಒಂದಿಷ್ಟು ಅಡಿಕೆ ತೋಟ, ಅದರ ಮೇಲಕ್ಕೆ ಬೆಟ್ಟ, ನಡುವೆ ಕಾಲುದಾರಿ, ಕೊಟ್ಟಿಗೆಯಲ್ಲಿ ದನ-ಎಮ್ಮೆ, ಅಂಗಳದಾಚೆ ಆಡು, ಮೊಲ, ಕೋಳಿ, ಬಾತು, ಮಧ್ಯಾಹ್ನ ಬಾಳೆಲೆ ಊಟ. ಭಾನುವಾರ ಬರುವ ಕುಟುಂಬಗಳ ಲೆಕ್ಕಾಚಾರವೂ ಹೆಚ್ಚುಕಡಿಮೆ ಒಂದೇ. ಹುಬ್ಬಳ್ಳಿಯಿಂದಲೋ ಕಾರವಾರದಿಂದಲೋ ತಿಂಡಿ ಮುಗಿಸಿ ಹೊರಟು ಹನ್ನೊಂದಕ್ಕೆ ಮುಟ್ಟುವುದು, ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ನಾಲ್ಕಕ್ಕೆ ಹೊರಡುವುದು.

ತೋಟದಲ್ಲಿ ನೋಡುವಂಥದ್ದು ಏನೂ ನಡೆಯದ ಹೊತ್ತು ಅದು. ದನ ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ ಹಾಲು ಕೊಟ್ಟು, ಮೇಯಲು ಹೋಗುತ್ತದೆ, ಇಲ್ಲವೇ ಗೊಂತಿನಲ್ಲೇ ಹುಲ್ಲು ತಿಂದು ಮಲಗಿರುತ್ತದೆ. ಮಧ್ಯಾಹ್ನ ಅದಕ್ಕೆ ಮೆಲುಕಿನ ಹೊತ್ತು. ದಿನಕ್ಕೆ ಆರರಿಂದ ಎಂಟು ತಾಸು ಮೆಲುಕು ಹಾಕದಿದ್ದರೆ ತಿಂದ ಹುಲ್ಲು ಅರಗುವುದಿಲ್ಲ. ಮಲಗಿ ಕಣ್ಣು ಅರೆಮುಚ್ಚಿ ದವಡೆ ಆಡಿಸುತ್ತಿರುವ ದನವನ್ನು ಮಕ್ಕಳಿಗೆ ತೋರಿಸಬೇಕೆಂದು ‘ಹೇ ಹೇ’ ಎಂದು ಎಬ್ಬಿಸುವುದು, ಎದ್ದದ್ದು ಕೊಂಬು ಬೀಸುವುದು, ಮಗು ಹೆದರಿ ಅಳುವುದು ಎಲ್ಲ ಈ ಹೊತ್ತಿನಲ್ಲೇ. ಮೊಲ ಬಿಸಿಲಿಗೆ ಸೋತು ಗೂಡಿನ ಮೂಲೆಯಲ್ಲಿರುತ್ತದೆ. ಕೋಳಿ ನೆರಳಿನ ಮಣ್ಣಿನಲ್ಲಿ ಹೊಂಡ ತೋಡಿ ಕೂತಿರುತ್ತದೆ. ಹಕ್ಕಿಗಳ ಸದ್ದಿರುವುದಿಲ್ಲ. ಬೆಟ್ಟದ ದಾರಿಯಲ್ಲಿ ಸೆಕೆ. ಕೊನೆಗೆ ಉಳಿಯುವುದು ಊಟ ಮತ್ತು ಉಯ್ಯಾಲೆ. ‘ಮಕ್ಕಳಿಗೆ ಬೋರಾಯ್ತು’ ಎನ್ನುವವರಲ್ಲಿ ಹೆಚ್ಚಿನವರು ತಪ್ಪು ತೋಟಕ್ಕೆ ಹೋದವರಲ್ಲ, ತಪ್ಪು ಹೊತ್ತಿಗೆ ಹೋದವರು.

ದಾರಿ ಎರಡಿದೆ. ಹಿಂದಿನ ಸಂಜೆಯೇ ಬಂದು ಉಳಿಯುವುದು ಮೊದಲನೆಯದು. ಸಂಜೆ ದನ ಬರುವುದು, ರಾತ್ರಿ ಕಪ್ಪೆ-ಜೀರುಂಡೆ, ಬೆಳಿಗ್ಗೆ ಹಾಲು ಕರೆಯುವುದು, ಎಂಟರೊಳಗೆ ಕಾಲುದಾರಿ ಎಲ್ಲ ಸಿಗುತ್ತದೆ. ಹತ್ತಕ್ಕೆ ಹೊರಟರೂ ನಷ್ಟವಿಲ್ಲ. ಉಳಿಯಲಾಗದಿದ್ದರೆ ಮೂರಕ್ಕೆ ಬನ್ನಿ. ಬಾಯಾರಿಕೆ ಮುಗಿಸಿ ಮೂರೂವರೆಗೆ ಬೆಟ್ಟಕ್ಕೆ ಹೊರಟರೆ ಐದಕ್ಕೆ ಇಳಿಯಬಹುದು. ಅಷ್ಟೊತ್ತಿಗೆ ದನ ಅಂಗಳಕ್ಕೆ ಬರುತ್ತದೆ, ಐದೂವರೆ ಆರಕ್ಕೆ ಹಾಲು. ಕರಾವಳಿಯವರಿಗೆ ಇದರಲ್ಲಿ ರಾತ್ರಿ ಘಟ್ಟ ಇಳಿಯುವ ತೊಂದರೆ ಇದೆ, ಒಪ್ಪಬೇಕಾದ ಮಾತು. ದೇವಿಮನೆ ಘಟ್ಟವಿರಲಿ, ವಡ್ಡಿ ಘಟ್ಟವಿರಲಿ, ಮಳೆಗಾಲದ ಮಂಜಿನಲ್ಲಿ ರಾತ್ರಿ ಇಳಿಯುವುದಕ್ಕಿಂತ ಉಳಿದು ಹೋಗುವುದೇ ಸರಿ. ಹೊರಡುವ ಮುನ್ನ ಘಟ್ಟ ತೆರೆದಿದೆಯೇ ಎಂದು ತೋಟದವರನ್ನೇ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಉತ್ತರ ಕನ್ನಡ ಜಿಲ್ಲೆಗೆ ಹೊಸದಲ್ಲ.

ಇನ್ನು ಕೊಟ್ಟಿಗೆ. ಇಲ್ಲಿ ಕಾಣುವ ದನ ಎರಡು ಬಗೆಯವು. ಜರ್ಸಿ ಅಥವಾ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯವು ದೊಡ್ಡವು, ಹುಟ್ಟಿದಾಗಿನಿಂದ ಮನುಷ್ಯರ ಕೈಯಲ್ಲೇ ಬೆಳೆದವು, ಹೊಸಬರು ಮುಟ್ಟಿದರೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮಲೆನಾಡು ಗಿಡ್ಡ ಇದಕ್ಕೆ ತದ್ವಿರುದ್ಧ. ಎತ್ತರ ಮೂರಡಿಯ ಆಸುಪಾಸು, ಹಾಲು ದಿನಕ್ಕೆ ಒಂದೆರಡು ಲೀಟರು, ನೋಡಲು ಮುದ್ದು. ಮಕ್ಕಳು ಮೊದಲು ಓಡುವುದು ಅದರ ಹತ್ತಿರವೇ. ಆದರೆ ಅದು ಕಾಡಂಚಿನಲ್ಲಿ ತಾನೇ ಮೇದು ತಾನೇ ಮನೆಗೆ ಬರುವ ದನ. ಅಪರಿಚಿತ ವಾಸನೆಗೆ ಕಿವಿ ನಿಗುರಿಸುತ್ತದೆ, ಸಣ್ಣ ಸದ್ದಿಗೆ ಹಾರುತ್ತದೆ. ಸಣ್ಣದೆಂದು ಸಲುಗೆ ತೆಗೆದುಕೊಳ್ಳಬಾರದ್ದು ಇದರ ಹತ್ತಿರವೇ.

ದನದ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ, ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಅಲ್ಲಿಂದ ಬಂದು ಮುಟ್ಟಿದರೆ ಒದೆ ಖಂಡಿತ. ಕುದುರೆ ಹಿಂದಕ್ಕೆ ಒದ್ದರೆ ದನ ಕಾಲನ್ನು ಮುಂದಕ್ಕೆ ಎಳೆದು ಪಕ್ಕಕ್ಕೆ ಬೀಸುತ್ತದೆ. ಹಾಗಾಗಿ ‘ಹಿಂದೆ ನಿಲ್ಲಬೇಡ’ ಎಂದರಷ್ಟೇ ಸಾಲದು, ಹಿಂಗಾಲಿನ ಪಕ್ಕದಲ್ಲೂ ಮಗುವನ್ನು ನಿಲ್ಲಿಸಬಾರದು. ಸರಿಯಾದ ಜಾಗ ಹೆಗಲಿನ ಪಕ್ಕ. ಅಲ್ಲಿ ನಿಂತು, ಮೊದಲು ಮಾತಾಡಿಸಿ, ಕೈ ಮೂಸಲು ಬಿಟ್ಟು, ಆಮೇಲೆ ಕುತ್ತಿಗೆಯಡಿಯ ಗಂಗೆದೊಗಲನ್ನು ಕೆಳಗಿನಿಂದ ತುರಿಸಿದರೆ ದನ ಕುತ್ತಿಗೆ ನೀಡಿ ಕೊಡುತ್ತದೆ. ಮಕ್ಕಳಿಗೆ ಇದಕ್ಕಿಂತ ಸಂತೋಷದ ಕ್ಷಣ ಕೊಟ್ಟಿಗೆಯಲ್ಲಿ ಇನ್ನೊಂದಿಲ್ಲ. ಹಣೆ ಉಜ್ಜುವುದು, ಹಣೆಗೆ ಕೈಯಿಟ್ಟು ದೂಡಿ ಆಟವಾಡುವುದು ಮಾತ್ರ ಬೇಡ. ಕರು, ಆಡಿನ ಮರಿಗಳ ಜತೆ ಹೀಗೆ ಆಡಿದರೆ ಅವು ಹಾಯುವುದನ್ನೇ ಆಟವೆಂದು ಕಲಿಯುತ್ತವೆ. ಇವತ್ತು ನಗು ತರಿಸುವ ಮರಿ ಮುಂದಿನ ವರ್ಷ ಇನ್ಯಾರದೋ ಮಗುವನ್ನು ಬೀಳಿಸುತ್ತದೆ. ಕರು ಹಾಕಿ ಹತ್ತಿಪ್ಪತ್ತು ದಿನವೂ ಆಗದ ದನ ಎಷ್ಟೇ ಸಾಧುವಾದರೂ ಅದರ ಮತ್ತು ಕರುವಿನ ನಡುವೆ ಯಾರೂ ಹೋಗಬಾರದು. ಅಂಥ ದನವನ್ನು ಬೇರೆ ಕಟ್ಟಿ ಪ್ರವಾಸಿಗರಿಂದ ಮರೆಮಾಡುವ ತೋಟದವರು ಕೆಲಸ ಬಲ್ಲವರು.

ಹಾಲು ಕರೆಯುವಾಗ ನೋಡಲು ಐದಾರು ಜನ ಸಾಕು. ಕೊಟ್ಟಿಗೆ ತುಂಬ ಜನ ಸೇರಿ, ಫ್ಲ್ಯಾಶ್ ಹೊಡೆದು ಗದ್ದಲ ಮಾಡಿದರೆ ದನ ಹಾಲು ಇಳಿಸುವುದಿಲ್ಲ. ಕರು ಕುಡಿದಾಗ, ಕೆಚ್ಚಲು ತೊಳೆದು ತಿಕ್ಕಿದಾಗ ದನದ ಮೈಯಲ್ಲಿ ಹುಟ್ಟುವ ಆಕ್ಸಿಟೋಸಿನ್ ಹಾಲಿಳಿಸುತ್ತದೆ. ಹೆದರಿಕೆಯಿಂದ ಏರುವ ಅಡ್ರಿನಲಿನ್ ಅದನ್ನು ತಡೆಯುತ್ತದೆ. ಒಂದು ಹೊತ್ತಿನ ಹಾಲು ಕೆಚ್ಚಲಲ್ಲೇ ಉಳಿದರೆ ಕೆಚ್ಚಲು ಬಾವು ಬರುವುದಕ್ಕೂ ದಾರಿ. ಮಕ್ಕಳಿಗೆ ಒಂದೆರಡು ಧಾರೆ ಕರೆಯಲು ಕೊಡುವುದಾದರೆ ಕೊನೆಯಲ್ಲಿ ಕೊಡಬೇಕು. ಉಗುರು ಕತ್ತರಿಸಿರಬೇಕು, ಮೊಲೆಯನ್ನು ಎಳೆಯಬಾರದು. ಮೇಲೆ ಹೆಬ್ಬೆರಳು-ತೋರುಬೆರಳಿನಿಂದ ಮುಚ್ಚಿ ಉಳಿದ ಬೆರಳುಗಳನ್ನು ಒಂದೊಂದಾಗಿ ಒತ್ತಬೇಕು. ಬಿಸಿಬಿಸಿ ನೊರೆಹಾಲು ಕುಡಿಸುವ ಹಳೆಯ ಪ್ರೀತಿಗೆ ನಮ್ಮ ಒಪ್ಪಿಗೆ ಇಲ್ಲ. ಬ್ರುಸೆಲ್ಲೋಸಿಸ್, ಕ್ಷಯ ಹಸಿಹಾಲಿನಲ್ಲಿ ಬರುವ ಕಾಯಿಲೆಗಳು. ಕುದಿಸಿ ಕೊಟ್ಟರೆ ನೊರೆ ಹೋಗುತ್ತದೆ, ಅಷ್ಟೇ.

ಹೆಚ್ಚು ಅನಾಹುತವಾಗುವುದು ತಿನ್ನಿಸುವುದರಲ್ಲಿ. ಕಾರಿನಲ್ಲಿ ಉಳಿದ ಬಿಸ್ಕತ್ತು, ಬ್ರೆಡ್ಡು, ಚಪಾತಿ, ಚಿತ್ರಾನ್ನ ಎಲ್ಲವನ್ನೂ ದನಕ್ಕೆ ಕೊಟ್ಟರೆ ಪುಣ್ಯವೆಂದು ತಿಳಿದವರಿದ್ದಾರೆ. ದನದ ಮೊದಲ ಹೊಟ್ಟೆಯಲ್ಲಿ ನಾರು ಕೊಳೆಸುವ ಸೂಕ್ಷ್ಮಜೀವಿಗಳಿವೆ, ಅವು ಹುಲ್ಲಿಗೆ ಹೊಂದಿಕೊಂಡವು. ಪಿಷ್ಟ ಒಮ್ಮೆಲೇ ಬಿದ್ದರೆ ಬೇರೆ ಜೀವಿಗಳು ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಉಕ್ಕುತ್ತದೆ. ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುವ ಪಿಎಚ್ 5ಕ್ಕಿಂತ ಕೆಳಗೆ ಹೋದರೆ ಹೊಟ್ಟೆ ನಿಲ್ಲುತ್ತದೆ, ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ, ದನ ಬೀಳುತ್ತದೆ. ಮದುವೆ ಮನೆಯ ಮಿಕ್ಕ ಅನ್ನ-ಪಾಯಸ ತಿಂದು ದನ ಸತ್ತ ಸುದ್ದಿ ಹಳ್ಳಿಯವರಿಗೆಲ್ಲ ಗೊತ್ತು. ಪ್ರವಾಸಿಗರ ವಿಷಯದಲ್ಲಿ ವ್ಯತ್ಯಾಸವೆಂದರೆ, ಒಬ್ಬೊಬ್ಬರೂ ಕೊಡುವುದು ಸ್ವಲ್ಪವೇ, ಆದರೆ ಕೊಡುವವರು ಹಲವರು. ತನ್ನ ಎರಡು ಬಿಸ್ಕತ್ತಿನಿಂದ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ.

ಆಡಿನ ಲೆಕ್ಕ ಇನ್ನೂ ಸುಲಭವಾಗಿ ಹಾಕಬಹುದು. ದೊಡ್ಡ ಆಡೊಂದು ದಿನಕ್ಕೆ ತಿನ್ನುವ ಹಸಿ ಸೊಪ್ಪು ಸುಮಾರು 3ರಿಂದ 4 ಕಿಲೋ. ಮಗುವಿನ ಒಂದು ಹಿಡಿ ಸೊಪ್ಪು 50 ಗ್ರಾಂ ಎಂದಿಟ್ಟುಕೊಂಡರೆ ಅರವತ್ತು-ಎಂಬತ್ತು ಹಿಡಿಗೆ ಅದರ ಇಡೀ ದಿನದ ಪಾಲು ಮುಗಿಯಿತು. ರಜೆಯ ದಿನ ಮಧ್ಯಾಹ್ನದೊಳಗೆ ಅಷ್ಟು ಮಕ್ಕಳು ಬಂದು ಹೋಗಿರುತ್ತಾರೆ. ಹೊಟ್ಟೆ ತುಂಬಿದ ಆಡು ಮುಖ ತಿರುಗಿಸುತ್ತದೆ, ಮಕ್ಕಳು ಬಾಯಿಗೇ ತುರುಕಲು ಹೋಗುತ್ತಾರೆ. ಒಳ್ಳೆಯ ತೋಟದಲ್ಲಿ ತಿನ್ನಿಸುವುದಕ್ಕೆ ಗೊತ್ತಾದ ಹೊತ್ತಿರುತ್ತದೆ, ಅಳೆದು ಇಟ್ಟ ಸೊಪ್ಪಿರುತ್ತದೆ, ಮುಗಿದ ಮೇಲೆ ‘ಇವತ್ತಿಗೆ ಆಯ್ತು’ ಎನ್ನುತ್ತಾರೆ. ಆಗ ಬೇಸರಪಟ್ಟುಕೊಳ್ಳಬೇಡಿ. ಕೈಯಲ್ಲಿ ಕೊಡುವುದಕ್ಕಿಂತ ಚೆಂದದ ಉಪಾಯವೂ ಇದೆ: ಹಲಸಿನ ಸೊಪ್ಪಿನ ಕಟ್ಟನ್ನು ಆಡಿನ ತಲೆಗಿಂತ ಒಂದಡಿ ಮೇಲೆ ತೂಗುಹಾಕುವುದು. ಆಡು ನೆಲದ ಹುಲ್ಲಿಗಿಂತ ಎತ್ತರದ ಸೊಪ್ಪನ್ನು ಇಷ್ಟಪಡುವ ಪ್ರಾಣಿ. ಮುಂಗಾಲು ಎತ್ತಿ ಹಿಂಗಾಲಲ್ಲಿ ನಿಂತು ತುಟಿಯಿಂದ ಒಂದೊಂದೇ ಎಲೆ ಕೀಳುವುದನ್ನು ಮಕ್ಕಳು ಹತ್ತು ನಿಮಿಷ ಮಿಸುಕದೆ ನೋಡುತ್ತಾರೆ.

ಕೈಯಲ್ಲೇ ಕೊಡಬೇಕೆಂದರೆ ಅಂಗೈ ಚಪ್ಪಟೆಯಾಗಿ ಹಿಡಿದು, ಹೆಬ್ಬೆರಳನ್ನು ಪಕ್ಕಕ್ಕೆ ಒತ್ತಿಕೊಂಡಿರಬೇಕು. ದನಕ್ಕೂ ಆಡಿಗೂ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಗಟ್ಟಿ ಚರ್ಮವಷ್ಟೇ ಇರುವುದು. ದನ ನಾಲಿಗೆ ಸುತ್ತಿ ಎಳೆದುಕೊಳ್ಳುತ್ತದೆ. ಆದ್ದರಿಂದ ಮುಂಬಾಯಿ ಕಚ್ಚುವುದಿಲ್ಲ, ಆದರೆ ಬೆರಳು ಒಳಗಿನ ದವಡೆ ಹಲ್ಲಿಗೆ ಸಿಕ್ಕರೆ ಜಜ್ಜಿಹೋಗುತ್ತದೆ. ಮೊಲದ ವಿಷಯ ಬೇರೆ. ಅದಕ್ಕೆ ಮೂಗಿನ ಕೆಳಗಿನ ವಸ್ತು ಕಾಣುವುದಿಲ್ಲ, ವಾಸನೆ ಮತ್ತು ಮೀಸೆಯಿಂದ ಹುಡುಕುತ್ತದೆ. ಜಾಲರಿಯೊಳಗೆ ತೂರಿದ, ಕ್ಯಾರೆಟ್ ವಾಸನೆಯ ಬೆರಳನ್ನು ಅದು ಕ್ಯಾರೆಟ್ಟೆಂದೇ ತಿಳಿಯುತ್ತದೆ.

ಮೊಲ ಎತ್ತಿಕೊಳ್ಳುವ ಆಸೆ ಎಲ್ಲ ಮಕ್ಕಳಿಗೂ. ನಮ್ಮ ಸಲಹೆ: ಎತ್ತಿಕೊಳ್ಳುವುದೇ ಬೇಡ. ಮೊಲದ ಹಿಂಗಾಲಿನ ಸ್ನಾಯು ಬಲವಾದದ್ದು, ಬೆನ್ನುಮೂಳೆ ನಾಜೂಕು. ಹೆದರಿ ಗಾಳಿಯಲ್ಲಿ ಒದ್ದಾಡಿದರೆ ತನ್ನ ಒದೆಗೆ ತಾನೇ ಬೆನ್ನು ಮುರಿದುಕೊಳ್ಳುತ್ತದೆ. ಮಗು ನೆಲದ ಮೇಲೆ ಕಾಲು ನೀಡಿ ಕೂರಲಿ, ತೊಡೆಯ ಮೇಲೊಂದು ಟವೆಲ್ ಹಾಕಿ, ತೋಟದವರು ಎದೆ ಮತ್ತು ಪೃಷ್ಠ ಎರಡಕ್ಕೂ ಆಸರೆ ಕೊಟ್ಟು ಮೊಲವನ್ನು ತಂದು ಕೂರಿಸಲಿ. ಇಳಿದು ಹೋಗಬೇಕೆನಿಸಿದರೆ ಹೋಗಲು ಬಿಡಬೇಕು. ಕಿವಿ ಹಿಡಿದು ಎತ್ತುವವರನ್ನು ಕಂಡರೆ ಆ ತೋಟಕ್ಕೆ ಎರಡನೇ ಸಲ ಹೋಗಬೇಡಿ. ಮೊಲ ಬೆವರುವುದಿಲ್ಲ, ಕಿವಿಯ ರಕ್ತನಾಳಗಳ ಮೂಲಕ ಮೈಶಾಖ ಕಳೆಯುತ್ತದೆ; ಏಪ್ರಿಲ್-ಮೇಯಲ್ಲಿ ಕುಮಟಾ, ಅಂಕೋಲಾದ ಸೆಕೆಯಲ್ಲಿ ತಗಡಿನ ಮಾಡಿನ ಗೂಡಿನೊಳಗೆ ಏದುಸಿರು ಬಿಡುವ ಮೊಲವನ್ನು ಮುಟ್ಟುವುದೇ ಬೇಡ.

ಪ್ರಾಣಿಗಳಿಗೆ ಜನರಿಂದ ತಪ್ಪಿಸಿಕೊಳ್ಳುವ ಜಾಗವಿದೆಯೇ ಎಂದು ನೋಡಿ. ಮಕ್ಕಳು ಹೋಗಲಾಗದ ಒಂದು ಬೇಲಿಯಾಚೆ, ಒಂದು ಗೂಡು, ಒಂದು ಎತ್ತರದ ಅಟ್ಟ. ತೋಟದ ಗುಣ ಅಳೆಯಲು ಕಮಾನಿನ ಬೋರ್ಡಿಗಿಂತ, ಸೆಲ್ಫಿ ಕಟ್ಟೆಗಿಂತ ಇದು ಸರಿಯಾದ ಅಳತೆ. ಪಂಜರದಲ್ಲಿ ಗಿಳಿ, ತೊಟ್ಟಿಯಲ್ಲಿ ಆಮೆ, ಸರಪಳಿಯಲ್ಲಿ ಮಂಗ ಇದ್ದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆ. ನಮ್ಮ ಕಾಡಿನ ಗಿಳಿಯನ್ನು ಸಾಕುವಂತಿಲ್ಲ. ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಸುವುದಂತೂ ಇಲ್ಲವೇ ಇಲ್ಲ.

ಕೈ ತೊಳೆಯುವ ಜಾಗ ಕೊಟ್ಟಿಗೆಯ ಬಾಗಿಲಲ್ಲೇ ಇರಬೇಕು, ಮಗುವಿನ ಎತ್ತರಕ್ಕೆ, ಸಾಬೂನಿನ ಜತೆ. ಸ್ಯಾನಿಟೈಸರ್ ಸಗಣಿ-ಮಣ್ಣು ಮೆತ್ತಿದ ಕೈಯಲ್ಲಿ ಕೆಲಸ ಮಾಡುವುದಿಲ್ಲ. ಆರೋಗ್ಯವಾಗಿರುವ ದನ-ಆಡಿನ ಕರುಳಲ್ಲೂ ಇ-ಕೋಲೈ ಜಾತಿಯ ಕೆಟ್ಟ ತಳಿಗಳಿರಬಹುದು, ಕೋಳಿ-ಬಾತುಗಳಲ್ಲಿ ಸಾಲ್ಮೊನೆಲ್ಲಾ. ದೊಡ್ಡವರಿಗೆ ಎರಡು ದಿನದ ಭೇದಿಯಲ್ಲಿ ಮುಗಿಯುವುದು ಐದು ವರ್ಷದೊಳಗಿನ ಮಗುವಿಗೆ ಮೂತ್ರಪಿಂಡದವರೆಗೂ ಹೋಗಬಹುದು. ಸಾಬೂನು ಹಚ್ಚಿ 20 ಸೆಕೆಂಡು ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆದ ಮೇಲೇ ತಿಂಡಿ. ಬಸಿರಿಯರು ಮರಿ ಹಾಕುತ್ತಿರುವ ಆಡು-ಕುರಿಗಳ ಹತ್ತಿರ ಹೋಗದಿರುವುದು ಲೇಸು. ನಾಯಿ, ಬೆಕ್ಕು ಕಚ್ಚಿದರೆ, ಪರಚಿದರೆ, ಅದು ‘ನಮ್ಮ ಮನೆಯದ್ದೇ’ ಎಂದು ಯಾರು ಎಷ್ಟು ಹೇಳಿದರೂ ಗಾಯವನ್ನು ಸಾಬೂನು-ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಬೇಡ.

ಕೊಟ್ಟಿಗೆಯಿಂದ ತೋಟಕ್ಕೆ ಇಳಿಯುವ ಮೊದಲು ಒಂದು ಎಚ್ಚರಿಕೆ. ಗೋಬರ್ ಗ್ಯಾಸಿನಿಂದ ಹೊರಬರುವ ಬಗ್ಗಡದ ಗುಂಡಿ ಸಾಧಾರಣವಾಗಿ ಕೊಟ್ಟಿಗೆಯ ಹಿಂದೆಯೇ ಇರುತ್ತದೆ. ಬಿಸಿಲಿಗೆ ಅದರ ಮೇಲ್ಪದರ ಒಣಗಿ, ಬಿರುಕು ಬಿಟ್ಟು, ಅಂಚಿನಲ್ಲಿ ಹುಲ್ಲೂ ಹುಟ್ಟಿ, ಪಕ್ಕದ ನೆಲಕ್ಕೂ ಅದಕ್ಕೂ ವ್ಯತ್ಯಾಸ ಕಾಣದ ಹಾಗಾಗುತ್ತದೆ. ಪದರದ ದಪ್ಪ ಒಂದೆರಡು ಇಂಚು, ಕೆಳಗೆ ನಾಲ್ಕೈದು ಅಡಿ ಬಗ್ಗಡ. ಚೆಂಡಿನ ಹಿಂದೆ ಓಡುವ ಮಗುವಿಗೆ ಇದು ಬಾವಿಗಿಂತ ಅಪಾಯ, ಯಾಕೆಂದರೆ ಬಾವಿ ಬಾವಿಯಂತೆ ಕಾಣುತ್ತದೆ. ಬಂದ ಕೂಡಲೇ ‘ಬಗ್ಗಡದ ಗುಂಡಿ ಎಲ್ಲಿದೆ, ಬೇಲಿ ಇದೆಯಾ?’ ಎಂದು ಕೇಳಿ.

ಅಡಿಕೆ ತೋಟದೊಳಗಿನ ದಾರಿ ಕಾದಿಗೆಗಳ ಮೇಲೆ ಹಾಯುತ್ತದೆ. ನೀರು ಬಸಿಯಲು ತೋಡಿದ ಈ ಕಾಲುವೆಗಳಿಗೆ ಅಡಿಕೆ ಮರದ ಸಂಕ ಹಾಕಿರುತ್ತಾರೆ. ಅಡಿಕೆ ಮರದ ಗಟ್ಟಿತನವೆಲ್ಲ ಹೊರಗಿನ ಕವಚದಲ್ಲಿ; ಒಳಗಿನ ತಿರುಳು ಮೊದಲು ಕೊಳೆಯುತ್ತದೆ. ಎರಡು ಮಳೆಗಾಲ ಕಂಡ ಸಂಕ ಮೇಲಿಂದ ಚೆನ್ನಾಗಿಯೇ ಕಾಣುತ್ತದೆ, ಕಾಲಿಟ್ಟಾಗ ಸೀಳುತ್ತದೆ. ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದರೆ ಪೊಳ್ಳು ಸದ್ದು ಗೊತ್ತಾಗುತ್ತದೆ. ದೊಡ್ಡವರು ಮೊದಲು, ಮಕ್ಕಳು ಒಬ್ಬೊಬ್ಬರಾಗಿ, ಅಡ್ಡಡ್ಡ ಹೆಜ್ಜೆಯಲ್ಲಿ. ಚಿರೆಕಲ್ಲಿನ ಮೆಟ್ಟಿಲಿಗೆ ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ. ಇಳಿಯುವಾಗಲೇ ಜಾರುವುದು ಜಾಸ್ತಿ. ಸಪಾಟಾದ ಅಟ್ಟೆಯ ಪೇಟೆ ಬೂಟಿಗಿಂತ ಗುಂಡು ಗುಂಡು ಹಿಡಿತವಿರುವ ಪ್ಲಾಸ್ಟಿಕ್ ಬೂಟು ಮೇಲು. ಗಾಳಿ ಬೀಸುವ ದಿನ ತೋಟದಲ್ಲಿ ನಿಲ್ಲಬಾರದು. ಹಾಳೆ ಸಮೇತ ಸೋಗೆ ಐವತ್ತು ಅಡಿಯಿಂದ ಬೀಳುತ್ತದೆ. ತೆಂಗಿನ ಮರದ ಬುಡದ ಮಾತು ಹೇಳಬೇಕಾಗಿಲ್ಲ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕೊಳೆರೋಗಕ್ಕೆ ಮದ್ದು ಹೊಡೆಯುವ ಕಾಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಅದು. ಮರದ ತುದಿಗೆ ಹೊಡೆದದ್ದು ಕೆಳಗೆ ಹನಿಯುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಮೊದಲ ಸಲ ಮಳೆಗೆ ಮುಂಚೆ, ಮತ್ತೆ 40-45 ದಿನಕ್ಕೆ. ಮದ್ದು ಹೊಡೆದ ದಿನ ಆ ತೋಟದೊಳಗೆ ಮಕ್ಕಳು ಬೇಡ. ಕೆಳಗಿನ ಬಾಳೆ, ಏಲಕ್ಕಿ ಎಲೆಗಳ ಮೇಲೆ ನೀಲಿ ಚುಕ್ಕೆ ಕಂಡರೆ ಮುಟ್ಟಿದ ಕೈ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ತೋಟದ ಮೇಲಿರುವುದು ಸೊಪ್ಪಿನ ಬೆಟ್ಟ. ಹೊರಗಿನವರು ಇದನ್ನು ‘ಫಾರೆಸ್ಟ್ ಟ್ರೇಲ್’ ಎನ್ನುತ್ತಾರೆ, ಆದರೆ ಇದು ಕೆಲಸದ ಕಾಡು. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯ ಕೊಟ್ಟಿದ್ದರು. ಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆ, ಮೇವಿಗಾಗಿ. ಮತ್ತಿ, ಹೊನ್ನೆ, ನಂದಿ, ಕವಲು, ನೇರಳೆ ಮರಗಳು ಕೊಂಬೆ ಸವರಿಸಿಕೊಂಡು ಗಿಡ್ಡವಾಗಿ, ಗಂಟುಗಂಟಾಗಿ ನಿಂತಿರುವುದಕ್ಕೆ ಅದೇ ಕಾರಣ. ಈ ಸೊಪ್ಪು ಕೊಟ್ಟಿಗೆಗೆ ಬಂದು, ದನ ತುಳಿದು, ಗೊಬ್ಬರವಾಗಿ, ತೋಟಕ್ಕೆ ಇಳಿದು, ಅಡಿಕೆಯಾಗುತ್ತದೆ. ಮಕ್ಕಳಿಗೆ ಬೆಟ್ಟ, ಕೊಟ್ಟಿಗೆ, ತೋಟವನ್ನು ಇದೇ ಕ್ರಮದಲ್ಲಿ ಮೇಲಿಂದ ಕೆಳಗೆ ತೋರಿಸಿದರೆ ವಿವರಣೆಯೇ ಬೇಕಾಗುವುದಿಲ್ಲ. ಎಷ್ಟೋ ತೋಟಗಳಲ್ಲಿ ತಿರುಗಿಸುವವರು ಇದನ್ನು ಉಲ್ಟಾ ಮಾಡಿ ಕೊನೆಗೆ ಬೆಟ್ಟ ಹತ್ತಿಸುತ್ತಾರೆ, ಆಗ ಮಕ್ಕಳಿಗೆ ಕಾಲೂ ಇಲ್ಲ, ಕಿವಿಯೂ ಇಲ್ಲ. ಆರು ವರ್ಷದೊಳಗಿನವರಿಗೆ ಒಟ್ಟು ಒಂದೂವರೆ ಕಿಲೋಮೀಟರಿನ ಸುತ್ತು ಸಾಕು. ಮಕ್ಕಳ ಜತೆ ತಾಸಿಗೆ ಎರಡು ಕಿಲೋಮೀಟರಿಗಿಂತ ಹೆಚ್ಚು ಸಾಗುವುದಿಲ್ಲ, ಸಾಗಿಸಲೂಬಾರದು.

ಬೆಟ್ಟದಲ್ಲಿ ಗುರುತಿಸಲೇಬೇಕಾದ ಮರ ಹೊಳಗೇರು. ತೊಗಟೆ, ಎಲೆಯ ಹಾಲು ಮೈಗೆ ತಾಗಿದರೆ ಕಪ್ಪಾಗಿ, ಬೊಬ್ಬೆಯೆದ್ದು, ವಾರಗಟ್ಟಲೆ ಕಾಡುತ್ತದೆ. ತೋಟದವರಿಂದ ಮೊದಲೇ ತೋರಿಸಿಕೊಳ್ಳಿ. ಕರಾವಳಿಯ ತೋಟಗಳಲ್ಲಿ ಇದೇ ಪಾಠ ಗೇರುಬೀಜಕ್ಕೆ: ಹಣ್ಣು ತಿನ್ನಬಹುದು, ಹಸಿ ಬೀಜದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಬಾರದು, ಅದರ ಎಣ್ಣೆ ತುಟಿ ಸುಡುತ್ತದೆ. ಬೇಲಿಯ ತಂತಿ ಮುಟ್ಟುವ ಮುನ್ನ ಅದು ಸೋಲಾರ್ ಬೇಲಿಯೇ ನೋಡಿ. ಊರವರು ‘ಐಬೆಕ್ಸ್’ ಎನ್ನುವುದು ಅದನ್ನೇ.

ಉಂಬಳ (ಕಾಡಿನ ಜಿಗಣೆ) ಜೂನ್‌ನಿಂದ ಅಕ್ಟೋಬರ್-ನವೆಂಬರ್‌ವರೆಗೆ. ಸುಣ್ಣ, ಹೊಗೆಸೊಪ್ಪು ಕದಡಿದ ನೀರನ್ನು ಬೂಟಿಗೂ ಕಾಲುಚೀಲದ ಹೊರಗೂ ಸವರುವುದು ಇಲ್ಲಿನ ರೂಢಿ, ಒಣಗಿರುವಷ್ಟು ಹೊತ್ತು ಕೆಲಸ ಮಾಡುತ್ತದೆ. ಮಕ್ಕಳ ಬರಿಮೈಗೆ ಮಾತ್ರ ಅದನ್ನು ಹಚ್ಚಬೇಡಿ, ಸುಣ್ಣ ಸುಡುತ್ತದೆ, ಹೊಗೆಸೊಪ್ಪಿನ ರಸ ಚರ್ಮದಿಂದಲೂ ಒಳಗಿಳಿಯುತ್ತದೆ. ಕಚ್ಚಿದ ಉಂಬಳವನ್ನು ಎಳೆಯದೆ, ಸಪೂರ ತುದಿಯ ಪಕ್ಕ ಉಗುರು ಜಾರಿಸಿ ಬಿಡಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿದೆ, ಆದ್ದರಿಂದ ಬಹಳ ಹೊತ್ತು ಸೋರುತ್ತದೆ. ತೊಳೆದು, ಬಟ್ಟೆಯೊತ್ತಿ ಕಟ್ಟಿದರಾಯಿತು. ಉಂಬಳದಿಂದ ಹೆದರಿಕೆಯೇ ಹೊರತು ದೊಡ್ಡ ಅಪಾಯವಿಲ್ಲ.

ಅಪಾಯವಿರುವುದು ಉಂಬಳ ಇಲ್ಲದ ಕಾಲದಲ್ಲಿ, ಉಣುಗಿನಿಂದ (ಉಣ್ಣೆಯಿಂದ). 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. 2024ರ ಮೊದಲ ತಿಂಗಳುಗಳಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಸಾವುಗಳೂ ಆದವು. ಸೋಂಕು ಹರಡುವುದು ಹೆಚ್ಚಾಗಿ ಎಳೆಯ ಉಣುಗು, ಎಳ್ಳಿಗಿಂತ ಚಿಕ್ಕದು, ನವೆಂಬರ್‌ನಿಂದ ಮೇವರೆಗೆ ದರಕಿನಲ್ಲಿರುತ್ತದೆ. ಪ್ರವಾಸಕ್ಕೆ ಎಲ್ಲರೂ ಹೇಳುವ ‘ಒಳ್ಳೆಯ ಕಾಲ’ವೂ ಇದೇ. ಹಾಗೆಂದು ಹೋಗಬಾರದೆಂದಲ್ಲ. ಆ ಊರಲ್ಲಿ ಮಂಗ ಸತ್ತಿದೆಯೇ, ಜ್ವರದ ಪ್ರಕರಣ ಇದೆಯೇ ಎಂದು ಕೇಳಿ. ಇದ್ದರೆ ಬೆಟ್ಟ ಬಿಟ್ಟು ತೋಟ-ಕೊಟ್ಟಿಗೆಯಷ್ಟೇ ನೋಡಿ. ಇಲ್ಲದಿದ್ದರೂ ಉದ್ದ ತೋಳು, ಉದ್ದ ಪ್ಯಾಂಟು, ಅದರ ಅಂಚು ಕಾಲುಚೀಲದೊಳಗೆ. ದರಕಿನ ಮೇಲೆ ಕೂರುವುದು, ಮಕ್ಕಳು ದರಕನ್ನು ಎರಚಾಡುವುದು ಬೇಡ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಹೊರಡುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬಹುದು. ತೀರ ಚಿಕ್ಕ ಮಕ್ಕಳಿಗಾದರೆ ವೈದ್ಯರನ್ನು ಕೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತೋಟದವರಿಗೆ ಹೇಳಿ. ಅವರು ಯಾರಿಗೆ ತಿಳಿಸಬೇಕೋ ತಿಳಿಸುತ್ತಾರೆ.

ಜೇನಿನ ಬಗ್ಗೆ ಎರಡೇ ಮಾತು. ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ಪೆಟ್ಟಿಗೆಯ ಬಾಯಿಯ ಎದುರು ನಿಲ್ಲಬಾರದು, ಪಕ್ಕದಿಂದ ಹತ್ತಡಿ ದೂರದಲ್ಲಿ ನೋಡಬೇಕು. ಮುಚ್ಚಳ ತೆಗೆದು ತೋರಿಸುವಂಥ ಪೆಟ್ಟಿಗೆ ಮಿಸರಿ ಎಂಬ ಸಣ್ಣ ಜೇನಿನದ್ದು, ಅದಕ್ಕೆ ಕೊಂಡಿ ಇಲ್ಲ. ಹೆಜ್ಜೇನು ಕಟ್ಟಿದ ಮರದ ಕೆಳಗೆ ದಾರಿಯಿದ್ದರೆ ಆ ದಾರಿಯೇ ಬೇಡ, ಡ್ರೋನ್ ಅಂತೂ ಹಾರಿಸಲೇಬೇಡಿ.

ಯಾವ ತಿಂಗಳು ಎಂಬುದಕ್ಕೆ ನಮ್ಮ ಮತ ಜನವರಿ-ಫೆಬ್ರವರಿಗೆ, ಉಣುಗಿನ ಎಚ್ಚರಿಕೆಯೊಂದಿಗೆ. ಅಡಿಕೆ ಕೊಯ್ಲು, ಸುಲಿತ ಇನ್ನೂ ನಡೆದಿರುತ್ತದೆ, ಆಲೆಮನೆಗಳೂ ಶುರುವಾಗಿರುತ್ತವೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದರ ಕೊಯ್ಲಿನಿಂದ ಒಣಗುವವರೆಗಿನ ಕೆಲಸವೆಲ್ಲ ಮನೆಯಂಗಳದಲ್ಲೇ ಕಾಣಸಿಗುವುದು ಈ ಹೊತ್ತಿನಲ್ಲಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ತುದಿಯಲ್ಲೇ ಬಗ್ಗಿಸಿಕೊಂಡು ದಾಟುವುದನ್ನು ನೋಡುವಾಗ ಮಕ್ಕಳನ್ನು ಮರದ ಎತ್ತರದಷ್ಟಾದರೂ ದೂರ ನಿಲ್ಲಿಸಿ. ಅಡಿಕೆ ಬೇಯಿಸುವ ಹಂಡೆಯ ಚೊಗರು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ಹಳೆಯ ಬಟ್ಟೆ ಹಾಕಿಸಿ. ಆಲೆಮನೆಯಲ್ಲಿ ಕಬ್ಬಿನ ಹಾಲು, ನೊರೆ ಬೆಲ್ಲ ಎಲ್ಲ ಸರಿ, ಆದರೆ ಕುದಿಯುವ ಕೊಪ್ಪರಿಗೆಯ ಅಂಚು ಮಕ್ಕಳ ಎದೆಮಟ್ಟದಲ್ಲಿರುತ್ತದೆ, ಪಾಕ ಮೈಗಂಟುತ್ತದೆ, ನೀರಿನ ಹಾಗೆ ಜಾರಿ ಹೋಗುವುದಿಲ್ಲ. ಮಗುವಿನ ಕೈ ಹಿಡಿದೇ ಇರಿ. ಮಾವಿಗಾಗಿ ಹೋಗುವವರು ಮೇ ತಿಂಗಳಲ್ಲಿ ಅಂಕೋಲಾ ಕಡೆ ಹೋಗಲಿ, ಕರಿ ಇಶಾಡ ಅಲ್ಲಿಯದು.

ಫೋನ್ ಮಾಡಿದಾಗ ಊಟದ ರೇಟಿನ ಮೊದಲು ಕೇಳಬೇಕಾದ್ದು: ಹಾಲು ಕರೆಯುವುದು ಎಷ್ಟೊತ್ತಿಗೆ, ಆ ಹೊತ್ತಿಗೆ ಬರಬಹುದೇ? ಒಂದು ದಿನಕ್ಕೆ ಎಷ್ಟು ಜನರನ್ನು ಸೇರಿಸಿಕೊಳ್ಳುತ್ತೀರಿ? ಬೆಟ್ಟಕ್ಕೆ ಜತೆಗೆ ಯಾರಾದರೂ ಬರುತ್ತಾರೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ? ಕೊನೆಯದು ಮುಖ್ಯ; ಬೆಟ್ಟದಲ್ಲಿ ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಲು ಯಾವ ದಿಬ್ಬಕ್ಕೆ ಓಡಬೇಕೆಂದು ಗೊತ್ತಿರಬೇಕು. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ, ಕೈಕಾಲು ಅಲುಗಾಡದಂತೆ ಹಿಡಿದು ಆಸ್ಪತ್ರೆ ಮುಟ್ಟಿಸಬೇಕು. ‘ಮಕ್ಕಳಿಗೆ ಏನೇನಿದೆ’ ಎಂದು ಕೇಳಿದಾಗ ಹತ್ತು ಐಟಂ ಪಟಪಟ ಹೇಳುವ ತೋಟಕ್ಕಿಂತ ‘ಭಾನುವಾರ ಬೇಡ, ಮಂಗಳವಾರ ಬನ್ನಿ, ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ’ ಎನ್ನುವವರ ತೋಟ ಆರಿಸಿ.

ಮನೆಗೆ ಮರಳಿದ ರಾತ್ರಿ ಬಿಸಿನೀರಿನ ಸ್ನಾನ ಮಾಡಿಸಿ, ಮಕ್ಕಳ ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಸಂದು, ಸೊಂಟದ ಪಟ್ಟಿಯ ಕೆಳಗೆ, ತಲೆಗೂದಲಿನ ಬುಡ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಜಜ್ಜಲೂಬೇಡಿ. ಬಟ್ಟೆ ಬಿಸಿನೀರಿಗೆ ಹಾಕಿ. ಮುಂದಿನ ಎರಡು ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರ ಬಳಿ ಮೊದಲ ಮಾತೇ ‘ಘಟ್ಟದ ಮೇಲೆ ಬೆಟ್ಟ ತಿರುಗಿದ್ದೆವು’ ಎಂದಿರಲಿ. ಕಾರವಾರದಲ್ಲಿ, ಬೆಂಗಳೂರಿನಲ್ಲಿ ಕೂತವರಿಗೆ ಅದು ತಾನಾಗಿ ಹೊಳೆಯುವುದಿಲ್ಲ. ಇಲಿಜ್ವರದ ಪರೀಕ್ಷೆಗೂ ಅದೇ ಮಾತು ದಾರಿ ತೋರಿಸುತ್ತದೆ.

ನಿಮ್ಮ ಮನೆಯಲ್ಲೂ ದನ ಇದ್ದರೆ ಇನ್ನೊಂದು ಕೆಲಸ ಬಾಕಿ. ಬೂಟಿನ ಅಟ್ಟೆಯ ಮಣ್ಣು-ಸಗಣಿಯನ್ನು ಕಡ್ಡಿಯಿಂದ ಕೆರೆದು, ಬ್ರಷ್ಷಿನಿಂದ ತಿಕ್ಕಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲೆ ನಿಮ್ಮ ಕೊಟ್ಟಿಗೆಗೆ ಕಾಲಿಡಿ. ಕಾಲುಬಾಯಿ ಜ್ವರ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೀಗೂ ಹೋಗುತ್ತದೆ.